ರಬ್ಬರ್ ಬ್ಯಾಂಡಿನಲ್ಲಿ ಎಷ್ಟು ಶಕ್ತಿಯಿದೆ? ಮನೆಯಲ್ಲೇ ಅಳೆದು ನೋಡಿ

ಎಳೆದು ಬಿಟ್ಟ ರಬ್ಬರ್ ಬ್ಯಾಂಡ್ ಚಿಮ್ಮುತ್ತದೆ ಎನ್ನುವುದು ಪುಟ್ಟ ಮಕ್ಕಳಿಗೂ ಗೊತ್ತು. ಎಳೆಯುವಾಗ ಕೈ ಪಟ್ಟ ಶ್ರಮವೇ ಅದರೊಳಗೆ ಸೇರಿಕೊಂಡಿರುತ್ತದೆ. ಪಠ್ಯಪುಸ್ತಕ ಇದನ್ನು ಸ್ಥಿತಿಸ್ಥಾಪಕ ಪ್ರಚ್ಛನ್ನ ಶಕ್ತಿ ಎನ್ನುತ್ತದೆ. ಹೆಸರಿಗೆ ಹೆದರಬೇಡಿ, ಅಳೆಯಲು ಒಂದು ಮೊಳೆ, ದಾರ, ಅಡಿಪಟ್ಟಿ, ಗ್ರಾಫ್ ಹಾಳೆ ಮತ್ತು ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಸಾಕು.

ಬಾಟಲಿಯ ಕುತ್ತಿಗೆ ಕತ್ತರಿಸಿ, ಅಂಚಿನಲ್ಲಿ ಎದುರುಬದುರು ಎರಡು ತೂತು ಮಾಡಿ ದಾರ ಪೋಣಿಸಿ. ಮೊಳೆಗೆ ಬ್ಯಾಂಡ್ ಸಿಕ್ಕಿಸಿ ಅದರ ಉದ್ದ ಬರೆದುಕೊಂಡು, ಕೆಳಗೆ ಬಾಟಲಿ ತೂಗುಹಾಕಿ. ಖಾಲಿ ಬಾಟಲಿ ತೀರಾ ಹಗುರ, ಅದರ ತೂಕ ಬಿಟ್ಟುಬಿಡಿ. ಬ್ಯಾಂಡ್ ಹರಿದರೆ ಕಣ್ಣಿಗೆ ಬಡಿದೀತು, ಮುಖ ದೂರವಿರಲಿ.

ಈಗ ಮಗುವಿನ ಹಾಲಿನ ಬಾಟಲಿಯಲ್ಲಿ ಅಳೆದು 100 ಮಿ.ಲೀ. ನೀರು ಹಾಕಿ. ಅದರ ತೂಕ 100 ಗ್ರಾಂ, ಎಂದರೆ ಹೆಚ್ಚುಕಡಿಮೆ 1 ನ್ಯೂಟನ್ ಬಲ. ಅರ್ಧ ನಿಮಿಷ ಕಾದು, ಬ್ಯಾಂಡ್ ಎಷ್ಟು ಹಿಗ್ಗಿದೆ ನೋಡಿ. ರಬ್ಬರ್ ಒಮ್ಮೆಗೇ ನಿಲ್ಲುವುದಿಲ್ಲ, ನಿಧಾನಕ್ಕೆ ಇನ್ನಷ್ಟು ಜಗ್ಗುತ್ತದೆ, ಅದಕ್ಕೇ ಈ ಕಾಯುವಿಕೆ. ಹೀಗೆ 500 ಮಿ.ಲೀ.ವರೆಗೆ ಹೋಗಿ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಹಿಗ್ಗಿದ ಸೆಂಟಿಮೀಟರ್, ಉದ್ದಕ್ಕೆ ನ್ಯೂಟನ್ ಗುರುತಿಸಿ. ಹಾಳೆಯ ಒಂದು ಸೆಂ.ಮೀ. ಎಂದರೆ ಅಡ್ಡಕ್ಕೆ 1 ಸೆಂ.ಮೀ. ಹಿಗ್ಗುವಿಕೆ, ಉದ್ದಕ್ಕೆ 1 ನ್ಯೂಟನ್. ಶಕ್ತಿಯ ಅಳತೆ ಜೂಲ್, ಅಂದರೆ 1 ನ್ಯೂಟನ್ ಬಲ 1 ಮೀಟರ್ ಎಳೆದಾಗಿನ ಶಕ್ತಿ. ಹಾಗಾಗಿ ಗೆರೆಯ ಕೆಳಗಿನ ಪ್ರತಿ ಚದರ ಸೆಂಟಿಮೀಟರ್ 0.01 ಜೂಲ್. ಚೌಕ ಎಣಿಸಿದರೆ ಉತ್ತರ ಬಂತು.

ಬಲವನ್ನು ದೂರದಿಂದ ಗುಣಿಸಿದರೆ ಆಗದೇ? ಬಹಳ ಮಕ್ಕಳು ಎಡವುವುದು ಇಲ್ಲೇ. ಎಳೆತ ಶುರುವಾದಾಗ ಬಲ ಸೊನ್ನೆ, 5 ನ್ಯೂಟನ್ ಮುಟ್ಟುವುದು ಕಟ್ಟಕಡೆಗೆ. 5 ನ್ಯೂಟನ್‌ಗೆ 10 ಸೆಂ.ಮೀ. ನೇರವಾಗಿ ಹಿಗ್ಗುವ ಸ್ಪ್ರಿಂಗ್ ಇದ್ದರೆ ಸರಾಸರಿ ಬಲ 2.5 ನ್ಯೂಟನ್, ಶಕ್ತಿ 0.25 ಜೂಲ್. 100 ಗ್ರಾಂ ಸಾಬೂನನ್ನು ಕಾಲು ಮೀಟರ್ ಮೇಲೆತ್ತಲು ಅಷ್ಟು ಸಾಕು. ಅದನ್ನೇ ಎರಡರಷ್ಟು ಎಳೆದರೆ ಬಲವೂ ಎರಡರಷ್ಟು, ದೂರವೂ ಎರಡರಷ್ಟು, ಶಕ್ತಿ ನಾಲ್ಕು ಪಟ್ಟು. ಹಿಗ್ಗಿದಷ್ಟೇ ಬಲ ಎಂಬ ಈ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದರು. ರಬ್ಬರ್ ಅದಕ್ಕೆ ಪೂರ್ತಿ ಬಗ್ಗುವುದಿಲ್ಲ. ಅದರ ಗೆರೆ ಬಾಗುತ್ತದೆ, ಆದ್ದರಿಂದಲೇ ಚೌಕ ಎಣಿಸುವುದು.

ನನಗೆ ಅತ್ಯಂತ ಇಷ್ಟದ ಹಂತ ಮುಂದಿನದು. ಸೂಜಿ ತೆಗೆದ ಸಿರಿಂಜಿನಿಂದ 100 ಮಿ.ಲೀ.ಯಂತೆ ನೀರು ಹೊರತೆಗೆಯುತ್ತಾ ಉದ್ದ ಬರೆದುಕೊಳ್ಳಿ. ಬಾಟಲಿಯನ್ನು ಮಾತ್ರ ಎತ್ತಬಾರದು, ಎತ್ತಿದರೆ ಬ್ಯಾಂಡ್ ಸಡಿಲಗೊಂಡು ಲೆಕ್ಕ ಕೆಡುತ್ತದೆ. ಅದೇ 300 ಮಿ.ಲೀ.ಗೆ ಈಗ ಬ್ಯಾಂಡ್ ಮೊದಲಿಗಿಂತ ಉದ್ದವಿರುತ್ತದೆ! ಇಳಿಯುವ ಗೆರೆ ಏರುವ ಗೆರೆಗಿಂತ ಕೆಳಗೆ ಹಾದು, ನಡುವೆ ತೆಳ್ಳನೆಯ ಎಲೆಯಂಥ ಆಕಾರ ಉಳಿಯುತ್ತದೆ. ಅದರೊಳಗಿನ ಚೌಕಗಳಷ್ಟು ಶಕ್ತಿ ನಮಗೆ ವಾಪಸ್ ಸಿಗಲಿಲ್ಲ, ಬಹುಪಾಲು ಬಿಸಿಯಾಗಿ ಹೋಯಿತು.

ರಬ್ಬರಿಗೂ ಬಿಸಿಗೂ ಇರುವ ನಂಟನ್ನು ತುಟಿಯೇ ಹೇಳುತ್ತದೆ. ಅಗಲವಾದ ಬ್ಯಾಂಡನ್ನು ಸರಕ್ಕನೆ ಎಳೆದು ತುಟಿಗೆ ತಾಗಿಸಿ, ಬೆಚ್ಚಗಿರುತ್ತದೆ. ಎಳೆದೇ ಹಿಡಿದು ತುಸು ಹೊತ್ತು ಆರಲು ಬಿಡಿ, ಆಮೇಲೆ ಕೈ ಸಡಿಲಿಸಿ ಮತ್ತೆ ತಾಗಿಸಿ, ತಣ್ಣಗೆನಿಸುತ್ತದೆ.

ಬ್ಯಾಂಡಿನ ಜಾಗದಲ್ಲಿ ಉಕ್ಕಿನ ಸ್ಪ್ರಿಂಗ್ ಹಾಕಿ ನೋಡಿ. ಏರುವ ಗೆರೆ, ಇಳಿಯುವ ಗೆರೆ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಗುಜರಿ ವ್ಯಾಪಾರಿಯ ಕೊಕ್ಕೆ ತಕ್ಕಡಿಯಲ್ಲಿ ರಬ್ಬರ್ ಇದ್ದಿದ್ದರೆ, ಹಳೇ ಪೇಪರು ಒಟ್ಟುತ್ತಾ ಹೋದಾಗ ಒಂದು ತೂಕ, ತೆಗೆಯುತ್ತಾ ಬಂದಾಗ ಇನ್ನೊಂದು ತೂಕ ತೋರಿಸುತ್ತಿತ್ತು.