ಮೊನ್ನೆಯ ಮಾತ್ರೆ, ಇವತ್ತಿನ ಗ್ರಾಫ್

ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡುತ್ತೇನೆ ಅಂದ ಕೂಡಲೇ ನೆಂಟರೆಲ್ಲ ಕೇಳುವುದು ಡೆಂಗಿ ಬಗ್ಗೆ. ಪಪ್ಪಾಯಿ ಎಲೆ ರಸ ಕುಡಿದರೆ ಕೌಂಟ್ ಏರುತ್ತಾ ಅಂತ. ನನ್ನ ಕೆಲಸ ಅದರ ಉಲ್ಟಾ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕಮ್ಮಿಯಾದರೆ ಚಿಂತೆ, ನನಗೆ ಅವು ಜಾಸ್ತಿ ಚುರುಕಾದರೆ ಚಿಂತೆ. ಹೃದಯದ ರಕ್ತನಾಳದೊಳಗೆ ಕಟ್ಟಿಕೊಂಡ ಕೊಬ್ಬಿನ ಗಂಟು ಒಡೆಯಿತು ಅಂದರೆ ಇವು ಅದನ್ನೂ ಒಂದು ಗಾಯ ಅಂದುಕೊಂಡು ಹೋಗಿ ಮುತ್ತಿಕೊಳ್ಳುತ್ತವೆ. ಈಳಿಗೆ ತಾಗಿ ಬೆರಳು ಕೊಯ್ದಾಗ ರಕ್ತ ನಿಲ್ಲಿಸುವ ಅದೇ ಕೆಲಸ ಅಲ್ಲಿ ದಾರಿಯನ್ನೇ ಮುಚ್ಚಿಬಿಡುತ್ತದೆ.

ನಾನು ದಿನಾ ಕೂರುವ ಮೆಷಿನ್ ಹೆಸರು ಅಗ್ರಿಗೋಮೀಟರ್. 1962ರಲ್ಲಿ ಗುಸ್ತಾವ್ ಬಾರ್ನ್ ಅನ್ನುವ ವಿಜ್ಞಾನಿ ಹೇಳಿಕೊಟ್ಟ ಉಪಾಯ, ಇವತ್ತಿಗೂ ಅದೇ ನಡೆಯುತ್ತಿದೆ. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಮಬ್ಬಾಗಿರುತ್ತದೆ, ಬೆಳಕು ಸರಿಯಾಗಿ ದಾಟುವುದಿಲ್ಲ. ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವ ಎಡಿಪಿನೋ ಕೊಲಾಜೆನ್ನೋ ಹಾಕಿದರೆ ಅವು ಮುದ್ದೆಯಾಗುತ್ತವೆ, ಮುದ್ದೆಯಾದ ಹಾಗೆ ದ್ರವ ತಿಳಿಯಾಗುತ್ತದೆ, ಬೆಳಕು ದಾಟುತ್ತದೆ, ಗ್ರಾಫ್ ಏರುತ್ತದೆ. ಅಷ್ಟೇ.

ಕಷ್ಟ ಇರುವುದು ಮೆಷಿನ್‌ನಲ್ಲಲ್ಲ, ರಕ್ತ ಅಲ್ಲಿಗೆ ತಲುಪುವ ತನಕ ಅದನ್ನು ಹೇಗೆ ನೋಡಿಕೊಂಡಿರಿ ಅನ್ನುವುದರಲ್ಲಿ. ತೋಳಿಗೆ ಪಟ್ಟಿ ಬಿಗಿದು ತುಂಬಾ ಹೊತ್ತು ಬಿಟ್ಟರೆ ಕೆಟ್ಟಿತು. ಸಣ್ಣ ಸೂಜಿಯಲ್ಲಿ ಎಳೆದಾಡಿದರೂ ಕೆಟ್ಟಿತು. ಮೊದಲು ಬಂದ ಎರಡು ಮೂರು ಎಂಎಲ್ ರಕ್ತ ನಾನು ಬಳಸುವುದೇ ಇಲ್ಲ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು 3.2% ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಿರಲಿ ಅಂತ), ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಹಾಕಿ ನಿಧಾನಕ್ಕೆ ತಿರುಗಿಸುವುದು, ನಿಲ್ಲಿಸುವಾಗ ಬ್ರೇಕ್ ಹಾಕುವ ಹಾಗಿಲ್ಲ. ಎಲ್ಲಾ ಟೆಸ್ಟೂ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಅದಕ್ಕೇ ರಕ್ತ ಬಂದ ದಿನ ನನ್ನ ಊಟದ ಡಬ್ಬಿ ಸಂಜೆಗೇ ತೆರೆಯುವುದು.

ಮೊದಲ ವಾರ ನಾನು ಟ್ಯೂಬನ್ನೆಲ್ಲ ಐಸ್ ಮೇಲೆ ಇಟ್ಟಿದ್ದೆ. ಅದಕ್ಕೆ ಮುಂಚೆ ಪ್ರೋಟೀನ್ ಕೆಲಸ ಮಾಡಿದವಳು, ಏನು ಸಿಕ್ಕಿದರೂ ಐಸ್‌ಗೆ ಇಡುವುದು ಅಭ್ಯಾಸ. ಸೀನಿಯರ್ ಒಬ್ಬರು ಬಂದು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ, "ಇದು ಸತ್ತಿದೆ ಕಣಮ್ಮ" ಅಂದರು. ಆಮೇಲೆ ತಮ್ಮ ಟ್ಯೂಬ್ ತೋರಿಸಿದರು. ಅದರೊಳಗೆ ರೇಷ್ಮೆ ಸೀರೆಯ ನೆರಿಗೆ ತಿರುಗಿದ ಹಾಗೆ ಮಿಂಚು ಓಡುತ್ತಿತ್ತು. ಆರೋಗ್ಯವಾಗಿರುವ ಪ್ಲೇಟ್‌ಲೆಟ್ ಚಪ್ಪಟೆ ತಟ್ಟೆ, ಅದಕ್ಕೇ ಹಾಗೆ ಬೆಳಕು ಹೊಳೆಯುವುದು. ಚಳಿಗೆ ಅವು ಮುಳ್ಳು ಮುಳ್ಳಾಗಿ ಉಂಡೆಯಾಗುತ್ತವೆ, ಮಿಂಚು ಹೋಗುತ್ತದೆ. ಬ್ಲಡ್ ಬ್ಯಾಂಕಿನಲ್ಲೂ ಪ್ಲೇಟ್‌ಲೆಟ್ ಚೀಲವನ್ನು ಫ್ರಿಜ್‌ಗೆ ಇಡದೆ 20ರಿಂದ 24 ಡಿಗ್ರಿಯಲ್ಲಿ ತೂಗುತ್ತಾ ಇಡುವುದು ಸುಮ್ನೆ ಅಲ್ಲ.

ಇನ್ನೊಂದು ಸಲ ನಾಲ್ಕು ದಿನ ಹಾಳಾಯಿತು. ಆರೋಗ್ಯವಂತ ಹುಡುಗ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ರಕ್ತ ಕೊಟ್ಟಿದ್ದ. ಪ್ಲೇಟ್‌ಲೆಟ್ ಕೆರಳಿಸುವ ಇನ್ನೊಂದು ರಾಸಾಯನಿಕ ಅರಾಕಿಡೋನಿಕ್ ಆಸಿಡ್ ಹಾಕಿದೆ, ಗ್ರಾಫ್ ಅಡ್ಡಗೆರೆ ಎಳೆದ ಹಾಗೆ ಮಲಗಿತು. ಎಡಿಪಿ ಹಾಕಿದರೆ ಸ್ವಲ್ಪ ಏರಿ ವಾಪಸ್ ಇಳಿಯಿತು. ರಾಸಾಯನಿಕವೇ ಹಳಸಿದೆ ಅಂದುಕೊಂಡು ಹೊಸದು ತರಿಸಿದೆ, ಮೆಷಿನ್ ಬಿಚ್ಚಿ ಒರೆಸಿದೆ, ನನ್ನ ಕೈಯನ್ನೇ ಬೈದುಕೊಂಡೆ. ಕೊನೆಗೆ ಅವನನ್ನೇ ಕರೆದು ಕೇಳಿದರೆ, "ಮೇಡಂ, ಔಷಧಿ ಏನೂ ಇಲ್ಲ, ಹಿಂದಿನ ದಿನ ತಲೆನೋವಿಗೆ ಅಂಗಡೀಲಿ ಒಂದು ಮಾತ್ರೆ ತಗೊಂಡಿದ್ದೆ" ಅಂದ. ಅದರೊಳಗೆ ಆಸ್ಪಿರಿನ್!

ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ. ಅರಾಕಿಡೋನಿಕ್ ಆಸಿಡ್‌ನಿಂದ ಮುದ್ದೆಯಾಗುವ ಸಂಕೇತ ತಯಾರಾಗಲು ಕಾಕ್ಸ್-1 ಅನ್ನುವ ಕಿಣ್ವ ಬೇಕು. ಆಸ್ಪಿರಿನ್ ಒಮ್ಮೆ ಅದಕ್ಕೆ ಬೀಗ ಹಾಕಿದರೆ ಹೊಸದು ಮಾಡಿಕೊಳ್ಳಲು ಆಗುವುದಿಲ್ಲ, ಸಾಯುವ ತನಕ, ಅಂದರೆ ಏಳರಿಂದ ಹತ್ತು ದಿನ, ಹಾಗೇ ಇರುತ್ತದೆ. ಅದಕ್ಕೇ ದಿನಕ್ಕೆ 75 ಮಿಲಿಗ್ರಾಂ ಅನ್ನುವಷ್ಟು ಪುಟ್ಟ ಮಾತ್ರೆ ಹೃದಯದ ರೋಗಿಗಳಿಗೆ ಸಾಕಾಗುವುದು. 1988ರ ಐಸಿಸ್-2 ಪ್ರಯೋಗದಲ್ಲಿ 17,187 ಜನ ಇದ್ದರು. ಹಾರ್ಟ್ ಅಟ್ಯಾಕ್ ಶಂಕೆಯಿಂದ ಆಸ್ಪತ್ರೆ ಸೇರಿದವರಿಗೆ ಒಂದು ತಿಂಗಳು ಆಸ್ಪಿರಿನ್ ಕೊಟ್ಟಾಗ, ಐದು ವಾರದಲ್ಲಿ ಹೃದಯ, ರಕ್ತನಾಳದ ತೊಂದರೆಯಿಂದಾದ ಸಾವು ಸುಮಾರು 23% ಇಳಿದಿತ್ತು. ನಾನು ಪೇಪರ್‌ನಲ್ಲಿ ಹತ್ತು ಸಲ ಓದಿದ್ದ ವಿಷಯ, ಕಣ್ಣೆದುರಿಗೆ ಗ್ರಾಫ್‌ನಲ್ಲಿ ಮಲಗಿದ್ದಾಗ ಗುರುತೇ ಹತ್ತಲಿಲ್ಲ ನೋಡಿ.

ಆ ಹುಡುಗ ಎರಡು ವಾರ ಬಿಟ್ಟು ಮತ್ತೆ ಬಂದ, ಗ್ರಾಫ್ ಸರಿಯಾಗಿ ಏರಿತು. ಈಗ ನನ್ನ ಫಾರ್ಮ್‌ನಲ್ಲಿ "ಔಷಧಿ ತೆಗೆದುಕೊಳ್ಳುತ್ತಿದ್ದೀರಾ" ಅನ್ನುವ ಪ್ರಶ್ನೆ ಇಲ್ಲ. "ಎರಡು ವಾರದಲ್ಲಿ ತಲೆ, ಹಲ್ಲು, ಮೈಕೈ ನೋವು ಬಂದಿತ್ತಾ? ಬಂದಾಗ ಏನು ನುಂಗಿದಿರಿ?" ಅಂತ ಇದೆ. ಮಾತ್ರೆ ಹಾಳೆ ಮನೆಯಲ್ಲಿ ಉಳಿದಿದ್ದರೆ ಅದರ ಫೋಟೋ ಕೂಡ ಕೇಳುತ್ತೇನೆ.