ಮಾಡ್ಯುಲರ್ ಹೆಲ್ಮೆಟ್: ಮೊದಲು ಹಣೆ ನೋಡಿ, ಕೆನ್ನೆ ಆಮೇಲೆ

ಕನ್ನಡಕ ಹಾಕುವವರಿಗೆ ಫುಲ್ ಫೇಸ್ ಹೆಲ್ಮೆಟ್ ಒಂದು ರಗಳೆ. ಕನ್ನಡಕ ತೆಗೆಯಬೇಕು, ತಲೆ ತೂರಿಸಬೇಕು, ಆಮೇಲೆ ತಡಕಾಡುತ್ತಾ ಕಡ್ಡಿಗಳನ್ನು ಕಿವಿಯ ಮೇಲೆ ಸಿಕ್ಕಿಸಬೇಕು. ನಾನು ಮಾಡ್ಯುಲರ್ ಕಡೆ ಹೊರಳಿದ್ದು ಇಷ್ಟಕ್ಕೇ. ಗಲ್ಲದ ಮುಂದಿನ ಭಾಗ, ಅಂದರೆ ಚಿನ್ ಬಾರ್, ಮೇಲಕ್ಕೆತ್ತಿದರೆ ಮುಖ ಪೂರ್ತಿ ತೆರೆದುಕೊಳ್ಳುತ್ತದೆ. ಕನ್ನಡಕ ಹಾಕೋದು ಸಲೀಸು. ದಾರಿಯಲ್ಲಿ ನಿಂತು ನೀರು ಕುಡಿಯೋಕೆ ಹೆಲ್ಮೆಟ್ ತೆಗೆಯಬೇಕಾಗಿಲ್ಲ. ಆದರೆ ನನ್ನ ತಲೆಗೆ ಹಿತವಾಗಿ ಕೂರುವ ಒಂದನ್ನು ಆರಿಸೋಕೆ ಸ್ವಲ್ಪ ತಾಳ್ಮೆ ಬೇಕಾಯಿತು.

ಶುರು ಮಾಡಿದ್ದು ಟೇಪ್ ಹಿಡಿದು. ಹುಬ್ಬಿನಿಂದ ಸುಮಾರು 2.5 ಸೆಂ.ಮೀ. ಮೇಲೆ, ಕಿವಿಗಳ ಮೇಲಿಂದ ಹಾಯಿಸಿ, ಹಿಂದಲೆಯಲ್ಲಿ ಉಬ್ಬಿರುವ ಜಾಗದ ಮೇಲೆ ಸುತ್ತಿ ಅಳೆದೆ. ಟೇಪ್ ಸ್ವಲ್ಪ ಮೇಲೆ ಕೆಳಗೆ ಸರಿದರೂ ಅಳತೆ ಬದಲಾಗುತ್ತದೆ. ಹಾಗಾಗಿ ಒಂದೆರಡು ಸಲ ಅಳೆದು, ಬಂದದ್ದರಲ್ಲಿ ದೊಡ್ಡದನ್ನು ಇಟ್ಟುಕೊಂಡೆ: 59 ಸೆಂ.ಮೀ. ಬಹಳಷ್ಟು ಕಂಪನಿಗಳ ಪಟ್ಟಿಯಲ್ಲಿ ಇದು ಎಲ್ ಸೈಜು. ಎಲ್ಲರ ಪಟ್ಟಿಯೂ ಒಂದೇ ಅಲ್ಲ, ಆಯಾ ಕಂಪನಿಯ ಪಟ್ಟಿಯನ್ನೇ ನೋಡಬೇಕು.

ಸುತ್ತಳತೆ ಒಂದೇ ಇರುವ ಇಬ್ಬರಿಗೆ ಒಂದೇ ಹೆಲ್ಮೆಟ್ ಸರಿಹೋಗಲೇಬೇಕು ಅಂತೇನಿಲ್ಲ. ಯಾಕಂದ್ರೆ ತಲೆಯ ಆಕಾರ ಬೇರೆ. ಕೂದಲನ್ನು ಒದ್ದೆ ಮಾಡಿ ಅಂಟಿಸಿಕೊಂಡು, ನೆತ್ತಿಯ ನೇರಕ್ಕೆ ಮೇಲಿಂದ ಒಂದು ಫೋಟೊ ತೆಗೆಸಿಕೊಂಡೆ. ನೋಡೋಕೆ ತಮಾಷೆಯಾಗಿರುತ್ತದೆ, ಆದರೆ ಉಪಯೋಗ ಇದೆ. ಹಣೆಯಿಂದ ಹಿಂದಲೆಗೆ ಇರುವ ಉದ್ದ, ಕಿವಿಯಿಂದ ಕಿವಿಗೆ ಇರುವ ಅಗಲಕ್ಕಿಂತ ಎಷ್ಟು ಜಾಸ್ತಿ ಅಂತ ಗೊತ್ತಾಗುತ್ತದೆ. ಕೆಲವರದು ಹೆಚ್ಚುಕಮ್ಮಿ ದುಂಡಗೆ, ಕೆಲವರದು ಉದ್ದ, ಉಳಿದವರದು ನಡುವಿನದು. ಮಾರುಕಟ್ಟೆಯಲ್ಲಿರುವ ಹೆಚ್ಚಿನ ಹೆಲ್ಮೆಟ್‌ಗಳು ಈ ನಡುವಿನ ಆಕಾರಕ್ಕೆ ಮಾಡಿದವು. ನನ್ನದು ಉದ್ದನೆಯ ತಲೆ.

ಇದರ ಪರಿಣಾಮ ಹಾಕಿ ನೋಡುವಾಗ ಕಂಡಿತು. ಒಂದು ಎಲ್ ಸೈಜು ತಲೆಗೆ ಇಳಿಸಿದ ತಕ್ಷಣ ಹಾಯಾಗಿತ್ತು. ಕೆನ್ನೆ ಮೆತ್ತಗೆ, ಕಿವಿಗೆ ಜಾಗ, ಎಲ್ಲಾ ಚೆನ್ನಾಗಿದೆ ಅನ್ನಿಸಿತು. ಕಾಲು ಗಂಟೆ ಕಳೆಯುವ ಹೊತ್ತಿಗೆ ಹಣೆಯ ಮಧ್ಯೆ ಒಂದೇ ಕಡೆ ಒತ್ತೋಕೆ ಶುರುವಾಯಿತು. ತೆಗೆದು ಕನ್ನಡಿ ನೋಡಿದರೆ ಹೆಬ್ಬೆರಳಿನಷ್ಟು ಅಗಲದ ಕೆಂಪು ಗುರುತು. ಅದೇ ಹೆಲ್ಮೆಟ್‌ನಲ್ಲಿ ಕಣತಲೆಯ ಪಕ್ಕಕ್ಕೆ ಬೆರಳು ಸಲೀಸಾಗಿ ತೂರುತ್ತಿತ್ತು. ಹಣೆಗೆ ಬಿಗಿ, ಪಕ್ಕಕ್ಕೆ ಸಡಿಲ ಅಂದರೆ ತಲೆಗಿಂತ ಹೆಲ್ಮೆಟ್ ದುಂಡಗಿದೆ ಅಂತ. ಉಲ್ಟಾ ಆಗಿ, ಕಣತಲೆ ಎರಡೂ ಕಡೆ ಒತ್ತಿ ಹಣೆಯ ಮುಂದೆ ಜಾಗ ಉಳಿದರೆ ಹೆಲ್ಮೆಟ್ ಉದ್ದ ಜಾಸ್ತಿ. ಇಂಥ ಹೊತ್ತಲ್ಲಿ ಒಂದು ಸೈಜು ದೊಡ್ಡದು ತಗೊಳ್ಳಿ ಅಂತ ಹೇಳುವವರು ಇದ್ದಾರೆ. ನಾನು ಒಪ್ಪಲ್ಲ. ಒತ್ತುವುದು ಕಡಿಮೆ ಆಗಬಹುದು, ಆದರೆ ಪಕ್ಕದ ಸಡಿಲ ಇನ್ನೂ ಜಾಸ್ತಿಯಾಗಿ ತಲೆ ತಿರುಗಿಸಿದಾಗ ಹೆಲ್ಮೆಟ್ ಹಿಂದೆ ಉಳಿಯುತ್ತದೆ. ಬೇರೆ ಆಕಾರದ ಮಾಡೆಲ್ ಹುಡುಕುವುದೇ ಸರಿ.

ಒಳಗಿನ ಗಟ್ಟಿ ಥರ್ಮಾಕೋಲನ್ನು ಒತ್ತಿ, ಕೆರೆದು ಜಾಗ ಮಾಡುವ ಸಲಹೆಯೂ ಕಿವಿಗೆ ಬಿತ್ತು. ದಯವಿಟ್ಟು ಬೇಡ. ಬಿದ್ದಾಗ ಪೆಟ್ಟಿನ ಬಲವನ್ನು ತಾನು ಕುಗ್ಗಿ ಹೀರಿಕೊಳ್ಳುವ ಪದರ ಅದೇ. ಒಮ್ಮೆ ಕುಗ್ಗಿದ ಜಾಗ ಮತ್ತೆ ಮೊದಲಿನಂತಾಗಲ್ಲ. ಬದಲಾಯಿಸಬಹುದಾದದ್ದು ಅದರ ಮೇಲಿನ ಬಟ್ಟೆ-ಸ್ಪಂಜಿನ ಲೈನರ್ ಮತ್ತು ಚೀಕ್ ಪ್ಯಾಡ್ ಮಾತ್ರ. ಅದಕ್ಕೇ ನಾನು ಮೊದಲು ಹಣೆ, ಕಣತಲೆ, ಹಿಂದಲೆ ನೋಡುತ್ತೇನೆ. ಕೆನ್ನೆ ಬಿಗಿಯಾದರೆ ದಾರಿ ಇದೆ, ಹಣೆ ಒತ್ತಿದರೆ ಅಷ್ಟು ಸುಲಭದ ದಾರಿ ಇಲ್ಲ.

ಮಾಡ್ಯುಲರ್‌ನಲ್ಲಿ ಇನ್ನೊಂದು ವಿಷಯ ಇದೆ. ಚಿನ್ ಬಾರ್ ಎತ್ತಿಕೊಂಡೇ ಹಾಕಿ ನೋಡಿದರೆ ಏನೂ ತಿಳಿಯಲ್ಲ. ಮುಂದೆ ತೆರೆದಿರುವಾಗ ಎಲ್ಲವೂ ಹಗುರ, ಆರಾಮ. ಇಳಿಸಿ ಲಾಕ್ ಮಾಡಿದ ಮೇಲೇ ನಿಜವಾದ ಫಿಟ್ ಗೊತ್ತಾಗೋದು. ನಾನು ಇಳಿಸುವ ಮೊದಲೇ ಪಟ್ಟಿ ಬಿಗಿಯುತ್ತೇನೆ, ಗಲ್ಲಕ್ಕೂ ಪಟ್ಟಿಗೂ ನಡುವೆ ಒಂದೆರಡು ಬೆರಳು ಹೋಗುವಷ್ಟು. ಆಮೇಲೆ ನಿಧಾನಕ್ಕೆ ಚಿನ್ ಬಾರ್ ಇಳಿಸುತ್ತೇನೆ. ಎರಡೂ ಕಡೆ ಕ್ಲಿಕ್ ಅನ್ನಬೇಕು. ಒಂದೇ ಕಡೆ ಕೂತು ಇನ್ನೊಂದು ಕಡೆ ಅರ್ಧ ನಿಂತಿರುವುದುಂಟು, ಕೈಯಲ್ಲಿ ಎಳೆದು ನೋಡಿಯೇ ಬಿಡಬೇಕು. ದವಡೆಯ ಚರ್ಮ ಅಥವಾ ಗಡ್ಡ ಸಿಕ್ಕಿಕೊಳ್ಳುತ್ತದಾ? ಗಲ್ಲದ ಕೆಳಗಿನ ಬಟ್ಟೆ ಗಂಟಲಿಗೆ ಒತ್ತುತ್ತದಾ? ಪಟ್ಟಿಯ ಬಕಲ್ ಗಂಟಲ ಗಂಟಿನ ಮೇಲೇ ಬಂದು ಕೂತಿದೆಯಾ? ಮುಂಗೈಯಿಂದ ಚಿನ್ ಬಾರನ್ನು ಮುಖದ ಕಡೆ ಒತ್ತಿದರೆ ಗಲ್ಲಕ್ಕೆ ತಾಗುತ್ತದಾ? ಒಂದು ಮಾಡೆಲ್‌ನಲ್ಲಿ ಒಳಗಿನ ಕಪ್ಪು ಸನ್ ವೈಸರ್ ಇಳಿಸಿದರೆ ಅದರ ಅಂಚು ನೇರ ಮೂಗಿಗೆ ತಾಗುತ್ತಿತ್ತು. ಅದನ್ನು ಅಲ್ಲೇ ಬಿಟ್ಟೆ.

ಕೊನೆಗೆ ಆರಿಸಿದ್ದು ಹಣೆಗೆ ಎಲ್ಲಾ ಕಡೆ ಸಮನಾಗಿ ಹಿಡಿಯುವ ಒಂದನ್ನು. ಆದರೆ ಅದು ಕೆನ್ನೆಗೆ ಬಿಗಿ. ಮಾತಾಡಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ಸಿಕ್ಕುತ್ತಿತ್ತು. ಹೊಸ ಸ್ಪಂಜು ಹಾಕಿಕೊಂಡಷ್ಟೂ ಸ್ವಲ್ಪ ಮೆತ್ತಗಾಗುತ್ತದೆ, ಹಾಗಾಗಿ ಹೊಸದರಲ್ಲಿ ತುಸು ಬಿಗಿ ಇದ್ದರೆ ಒಳ್ಳೆಯದೇ. ಕೆನ್ನೆ ಕಚ್ಚಿಕೊಳ್ಳುವಷ್ಟು ಬೇಡ. 35 ಮಿ.ಮೀ. ಚೀಕ್ ಪ್ಯಾಡ್ ತೆಗೆದು ಅದೇ ಕಂಪನಿಯ 30 ಮಿ.ಮೀ. ಪ್ಯಾಡ್ ಹಾಕಿಸಿದೆ. ಬರೀ 5 ಮಿ.ಮೀ., ಆದರೆ ದವಡೆಗೆ ಉಸಿರು ಬಂದಂತಾಯಿತು.

ಮೊದಲ ಸವಾರಿಗೆ ಮುಂಚೆ ಮನೆಯಲ್ಲೇ ಅರ್ಧ ಗಂಟೆಗಿಂತ ಜಾಸ್ತಿ ಹಾಕಿಕೊಂಡು ಓಡಾಡಿದೆ. ಮನೆಯವರು ನಕ್ಕರು, ನಗಲಿ. ತಲೆಯನ್ನು ನೆಟ್ಟಗಿಟ್ಟು ಎರಡೂ ಕೈಯಲ್ಲಿ ಹೆಲ್ಮೆಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಕೆನ್ನೆ, ಹಣೆಯ ಚರ್ಮ ಜೊತೆಗೇ ಎಳೆಯಬೇಕು. ಹೆಲ್ಮೆಟ್ ಮಾತ್ರ ಜಾರಿದರೆ ಅದು ದೊಡ್ಡದು. ಪಟ್ಟಿ ಕಟ್ಟಿರುವಾಗ ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಮಗುಚಲು ನೋಡಿ. ಕಳಚಿ ಬಂದರೆ ಆ ಹೆಲ್ಮೆಟ್ ಬೇಡವೇ ಬೇಡ, ಎಷ್ಟೇ ಆರಾಮ ಅನ್ನಿಸಿದರೂ.

ತೂಕದ ಬಗ್ಗೆ ಒಂದು ಮಾತು. ಕೀಲು, ಲಾಕು ಇರುವುದರಿಂದ ಮಾಡ್ಯುಲರ್ ಸಾಮಾನ್ಯವಾಗಿ ಫುಲ್ ಫೇಸ್‌ಗಿಂತ ಭಾರ, 1.6 ಕೆ.ಜಿ. ದಾಟುವುದು ಮಾಮೂಲು. ಸರಿಯಾಗಿ ಕೂತರೆ ಆ ಭಾರ ಅಷ್ಟಾಗಿ ಗೊತ್ತಾಗಲ್ಲ. ಸಡಿಲ ಇದ್ದರೆ ಗಾಳಿಗೆ ಅಲ್ಲಾಡಿ ಕತ್ತು ನೋಯುತ್ತದೆ. ಚಿನ್ ಬಾರ್ ಎತ್ತಿಕೊಂಡು ಓಡಿಸಿದರಂತೂ ಇನ್ನೂ ಎಳೆತ. ಇಸಿಇ (ಯುರೋಪಿನ ಸುರಕ್ಷತಾ ಮಾನದಂಡ) ಗುರುತಿನ ಹೆಲ್ಮೆಟ್ ಆದರೆ ಪಟ್ಟಿಯ ಮೇಲಿನ ಚೀಟಿಯಲ್ಲಿ ‘ಪಿ/ಜೆ’ ಅಂತ ಇದೆಯಾ ನೋಡಿ. ಹಾಗಿದ್ದರೆ ಮುಚ್ಚಿದಾಗಲೂ ತೆರೆದಾಗಲೂ ಪರೀಕ್ಷೆ ಪಾಸಾಗಿದೆ ಅಂತ ಅರ್ಥ. ಹಾಗಿದ್ದರೂ ತೆರೆದಾಗ ಗಲ್ಲಕ್ಕೆ ರಕ್ಷಣೆ ಇರಲ್ಲ ಅಲ್ವಾ, ನಾನು ನಿಂತಾಗ ಮಾತ್ರ ಎತ್ತುತ್ತೇನೆ.

ಎಲ್ಲಾ ಸರಿಹೋಯಿತು ಅನ್ನುವಾಗ ಬ್ಲೂಟೂತ್ ಸ್ಪೀಕರ್ ಹಾಕಿಸಿದೆ, ಕಿವಿಯ ಮೇಲಂಚು ಉರಿಯೋಕೆ ಶುರುವಾಯಿತು. ಕಿವಿಗೆ ಬಿಟ್ಟಿದ್ದ ಗುಳಿಯ ಮಧ್ಯಕ್ಕೆ ಕೂರದೆ ಸ್ಪೀಕರ್ ಅರ್ಧ ಹೊರಗೆ ಉಬ್ಬಿತ್ತು. ಬಿಚ್ಚಿ, ಅಂಟಿಸುವ ಪಟ್ಟಿಯನ್ನು ಗುಳಿಯ ತಳಕ್ಕೆ ಸರಿಸಿ, ಮೇಲಿನ ದಪ್ಪ ಸ್ಪಂಜಿನ ಮುಚ್ಚಳ ತೆಗೆದು ಕೂರಿಸಿದೆ. ಕನ್ನಡಕದ ಕಡ್ಡಿ ಈಗ ಅದರ ಮೇಲಿಂದ ತಾಗದೇ ಹೋಗುತ್ತದೆ. ಕಡ್ಡಿ ನೆಟ್ಟಗಿರುವ ತೆಳು ಫ್ರೇಮಾದರೆ ಇನ್ನೂ ಒಳ್ಳೆಯದು, ಕಿವಿಯ ಹಿಂದೆ ಜಾಸ್ತಿ ಬಾಗಿರುವುದು ಪ್ಯಾಡಿಗೆ ಸಿಕ್ಕಿಕೊಳ್ಳುತ್ತದೆ.