ವೆಬ್‌ಕ್ಯಾಮ್‌ನಲ್ಲಿ ಗುರು ಗ್ರಹ ಹಿಡಿಯೋದು ಹೇಗೆ? ಮೊದಲು ಫೋಕಸ್ ಕೂರಿಸಿ

ಗುರು ಗ್ರಹ ಮಬ್ಬಾಗಿ ಬಂದಿದೆ, ಯಾವ ಸಾಫ್ಟ್‌ವೇರ್ ಹಾಕಿದ್ರೆ ಸರಿಹೋಗತ್ತೆ ಅಂತ ಕೇಳೋರು ತುಂಬಾ ಜನ. ವಿಡಿಯೋ ತೆಗೆದು ನೋಡಿದ್ರೆ ಹೆಚ್ಚಿನವರದ್ದು ಫೋಕಸ್ಸೇ ಕೂತಿರಲ್ಲ. ವಿಡಿಯೋದ ಅಂಥ ಸಾವಿರ ಫ್ರೇಮ್ (ಬಿಡಿ ಚಿತ್ರ) ಒಂದರ ಮೇಲೊಂದು ಸೇರಿಸಿದ್ರೂ ಬರೋದು ಮಬ್ಬು ಗುರುವೇ.

ವೆಬ್‌ಕ್ಯಾಮ್‌ನ ಲೆನ್ಸ್ ಬಿಚ್ಚಿ, 1.25 ಇಂಚಿನ ಅಡಾಪ್ಟರ್ ಹಾಕಿ, ಟೆಲಿಸ್ಕೋಪಲ್ಲಿ ಐಪೀಸ್ (ಕಣ್ಣಿಟ್ಟು ನೋಡೋ ಲೆನ್ಸ್) ಜಾಗದಲ್ಲಿ ಕೂರಿಸಿ. ಎಷ್ಟೋ ವೆಬ್‌ಕ್ಯಾಮ್‌ಗಳಲ್ಲಿ ಇನ್ಫ್ರಾರೆಡ್ ತಡೆಯೋ ಗಾಜು ಲೆನ್ಸ್ ಜೊತೆಗೇ ಹೋಗ್ಬಿಡತ್ತೆ, ಆಗ ಬಣ್ಣ ಕೆಡತ್ತೆ, ಐಆರ್-ಕಟ್ ಫಿಲ್ಟರ್ ಬೇರೆ ತಗೊಳ್ಳಿ. ಚಿತ್ರ ದೊಡ್ಡದು ಮಾಡೋ ಬಾರ್ಲೋ ಲೆನ್ಸ್ 2ಎಕ್ಸ್ (ಎರಡು ಪಟ್ಟು) ಸಾಕು, ಅಗ್ಗದ ಪ್ಲಾಸ್ಟಿಕ್ 5ಎಕ್ಸ್ ಬಾರ್ಲೋಗೆ ಒಂದು ರೂಪಾಯಿನೂ ಹಾಕ್ಬೇಡಿ.

ಟೆಲಿಸ್ಕೋಪನ್ನ ಒಂದು ಗಂಟೆ ಮೊದಲೇ ಹೊರಗಿಡಿ. ಹಗಲೆಲ್ಲಾ ಕಾದ ಆರ್‌ಸಿಸಿ ತಾರಸಿ ರಾತ್ರಿ ತುಂಬಾ ಹೊತ್ತು ಬಿಸಿ ಬಿಡ್ತಿರತ್ತೆ, ಗ್ರಹ ನೀರೊಳಗಿನ ನಾಣ್ಯದ ಥರ ಅಲ್ಲಾಡತ್ತೆ, ಅಂಗಳದ ಮಣ್ಣು ನೆಲ ಇದ್ರೆ ನಾನಂತೂ ಅಲ್ಲೇ ಇಡ್ತೀನಿ. ಗ್ರಹ ಚೆನ್ನಾಗಿ ಮೇಲೇರೋವರೆಗೂ ಕಾಯಿರಿ.

ಈಗ ಫೋಕಸ್. ಗುರುವಿನ ಪಟ್ಟೆ ನೋಡ್ಕೊಂಡು ಫೋಕಸ್ ಮಾಡೋಕೆ ಹೋಗ್ಬೇಡಿ, ಗಾಳಿ ಅಲ್ಲಾಡ್ತಿದ್ರೆ ಪಟ್ಟೆ ಮೋಸ ಮಾಡತ್ತೆ. ಕ್ಯಾಮೆರಾ ಸಾಫ್ಟ್‌ವೇರ್‌ನಲ್ಲಿ ಗೇಯ್ನ್ (ಚಿತ್ರದ ಬೆಳಕು ಹೆಚ್ಚಿಸೋ ಸೆಟ್ಟಿಂಗ್) ಏರಿಸಿ, ಗುರು ಬೆಳ್ಳಗೆ ಉರಿದುಹೋದ್ರೂ ಪರವಾಗಿಲ್ಲ, ಪಕ್ಕದಲ್ಲಿ ಅದರ ಚಂದ್ರಗಳಾದ ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ ಇವುಗಳಲ್ಲಿ ಯಾವುದಾದ್ರೂ ಕಾಣತ್ತೆ, ಅದು ಅತೀ ಸಣ್ಣ ಚುಕ್ಕಿ ಆಗೋವರೆಗೂ ತಿರುಗಿಸಿ. ಫೋಕಸರ್ ಗುಂಡಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ, ಅದರ ತುದಿ ಹಿಡಿದು ಕೂದಲೆಳೆಯಷ್ಟು ತಿರುಗಿಸ್ಬಹುದು. ಪ್ರತಿ ಸಲ ಕೈ ಬಿಟ್ಟು ಅಲುಗಾಟ ನಿಂತಮೇಲೆ ಹತ್ತು ಸೆಕೆಂಡ್ ಸ್ಕ್ರೀನ್ ನೋಡಿ, ಯಾಕಂದ್ರೆ ಒಂದು ಕ್ಷಣದ ಚೂಪು ಗಾಳಿ ನಿಂತಿದ್ದಕ್ಕೂ ಬಂದಿರಬಹುದು. ಸರಿಯಾಯ್ತು ಅನ್ನಿಸಿದ ಮೇಲೂ ಬೇಕಂತಲೇ ಆ ಕಡೆ ಈ ಕಡೆ ದಾಟಿಸಿ ಮಧ್ಯಕ್ಕೆ ವಾಪಸ್ ಬನ್ನಿ. ರಾತ್ರಿ ತಣ್ಣಗಾದ ಹಾಗೆ ಫೋಕಸ್ ಜಾರತ್ತೆ, ಪ್ರತಿ ಎರಡು ಮೂರು ವಿಡಿಯೋಗೆ ಇದೇ ಕೆಲಸ ಮತ್ತೆ ಮಾಡಿ.

ಗೇಯ್ನ್ ಇಳಿಸಿ, ಆಟೋ ಎಕ್ಸ್‌ಪೋಷರ್ ಆಫ್ ಮಾಡಿ. ಗುರು ಹತ್ತು ಗಂಟೆಗೂ ಕಮ್ಮಿ ಟೈಮಲ್ಲಿ ಒಂದು ಸುತ್ತು ತಿರುಗತ್ತೆ, ಅದಕ್ಕೇ ಎರಡು ನಿಮಿಷಕ್ಕೆ ರೆಕಾರ್ಡಿಂಗ್ ನಿಲ್ಲಿಸಿ. ಸೆಕೆಂಡಿಗೆ 30ರ ಲೆಕ್ಕದಲ್ಲಿ 3600 ಫ್ರೇಮ್ ಆಯ್ತು. ಕಂಪ್ರೆಸ್ ಮಾಡದ ಎವಿಐನೇ ಇರಲಿ, ಎಂಪಿ4 ಸಣ್ಣ ವಿವರಾನೆಲ್ಲಾ ನುಂಗತ್ತೆ.

ಫ್ರೇಮ್ ಆರಿಸಿ ಸೇರಿಸೋ ಆಟೋಸ್ಟಾಕರ್ಟ್ ಸಾಫ್ಟ್‌ವೇರ್‌ಗೆ ಹಾಕಿ ಒಳ್ಳೆ 20 ಪರ್ಸೆಂಟ್ ಇಟ್ಕೊಳ್ಳಿ, 720 ಫ್ರೇಮ್ ಸಿಗತ್ತೆ. 400 ಫ್ರೇಮ್ ಸೇರಿಸಿದ್ರೂ ಸಾಕು, ನಾಯ್ಸ್ (ಚಿತ್ರದಲ್ಲಿ ಕಾಣೋ ಕಾಳು ಕಾಳು) ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯತ್ತೆ, ಕೆಟ್ಟ ಫ್ರೇಮ್ ತುಂಬಿಸೋ ಆಸೆ ಬೇಡ. ಕೊನೆಗೆ ರೆಜಿಸ್ಟಾಕ್ಸ್ ಸಾಫ್ಟ್‌ವೇರ್‌ನಲ್ಲಿ ವಿವರ ಚೂಪು ಮಾಡೋ ವೇವ್ಲೆಟ್ ಸ್ಲೈಡರ್ ಸ್ವಲ್ಪ ಸ್ವಲ್ಪವೇ ಎಳೀರಿ, ಗ್ರಹದ ಅಂಚಲ್ಲಿ ಬಿಳಿ ಗೆರೆ ಕಂಡ ತಕ್ಷಣ ಹಿಂದಕ್ಕೆ ತನ್ನಿ.